ಪುಟ ಹತ್ತೊಂಬತ್ತರ ತಿದ್ದುಪಡಿ

ಒಣದ್ರಾಕ್ಷಿ ಕುದಿಯುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಪಾಯಸಕ್ಕೆಂದು ತುಪ್ಪದಲ್ಲಿ ಹುರಿಯುತ್ತಾರಲ್ಲ, ಆ ವಾಸನೆಯಲ್ಲ. ಅದು ಬಾಯಲ್ಲಿ ನೀರೂರಿಸುತ್ತದೆ. ನಾನು ಹೇಳುತ್ತಿರುವುದು ಹಿಂದಿನ ದಿನವೇ ನೆನೆಹಾಕಿದ ಕರಿ ಒಣದ್ರಾಕ್ಷಿಯನ್ನು ಅದೇ ನೀರಲ್ಲಿ ಸಣ್ಣ ಉರಿಯ ಮೇಲೆ ತಾಸೆರಡು ತಾಸು ಕುದಿಸಿದಾಗ ಬರುವ ವಾಸನೆ. ಮೊದಲು ಸಿಹಿ, ಆಮೇಲೆ ತುಸು ಹುಳಿ, ಕೊನೆಗೆ ಬಹಳ ದಿನ ಮುಚ್ಚಿಟ್ಟ ಕಪಾಟಿನ ಬಾಗಿಲು ತೆರೆದ ಹಾಗೆ. ಇವತ್ತು ಶನಿವಾರ. ನಾಳೆ ನಮ್ಮ ಸಭೆಯ ಜುಬಿಲಿ. ನಾಳಿನ ಕರ್ತನ ಭೋಜನಕ್ಕೆ, ಅಂದರೆ ದೇವಾಲಯದಲ್ಲಿ ಎಲ್ಲರೂ ಮೊಣಕಾಲೂರಿ ರೊಟ್ಟಿಯ ತುಣುಕು ತಿಂದು ಗುಟುಕು ದ್ರಾಕ್ಷಾರಸ ಕುಡಿಯುವ ಆರಾಧನೆಗೆ, ಬೇಕಾದ ರಸ ನನ್ನ ಒಲೆಯ ಮೇಲಿದೆ. ಮೂರು ತಲೆಮಾರಿನಿಂದ ಈ ಕೆಲಸ ನಮ್ಮ ಮನೆಯದು. ಅಜ್ಜಿ ಕುದಿಸಿದಳು, ಅವ್ವ ಕುದಿಸಿದಳು, ಈಗ ನಾನು ಕುದಿಸುತ್ತಿದ್ದೇನೆ. ಇವತ್ತು ಮಾತ್ರ ದ್ರಾಕ್ಷಿಗಿಂತ ನಾನೇ ಹೆಚ್ಚು ಕುದಿಯುತ್ತಿದ್ದೇನೆ.

ಕಾರಣ ಪಡಸಾಲೆಯ ಮಂಚದ ಮೇಲೆ ಕೂತಿದೆ. ಹುಬ್ಬಳ್ಳಿಯ ಛಾಪಖಾನೆಯಿಂದ ಬಂದ ಜುಬಿಲಿ ಸಂಚಿಕೆಯ ಆರು ಗಂಟುಗಳು. ನಮ್ಮ ಮನೆ ದೇವಾಲಯದ ಎದುರಿಗೇ ಇರುವುದರಿಂದ ಟೆಂಪೋದವನು ಇಲ್ಲಿಯೇ ಇಳಿಸಿಹೋದ. ಹೊದಿಕೆ ಚೆನ್ನಾಗಿದೆ. ಒಳಗೆ 'ನಮ್ಮ ಸಭೆಯ ಇತಿಹಾಸ' ಎಂಬ ದೊಡ್ಡ ಲೇಖನ, ಅದರ ಕೆಳಗೆ ಬರೆದವಳ ಹೆಸರು, ಅದು ನನ್ನದು. ಹತ್ತೊಂಬತ್ತನೆಯ ಪುಟದಲ್ಲಿ, ನನ್ನ ಹೆಸರಿನಲ್ಲಿ, ಒಂದು ಶುದ್ಧ ಸುಳ್ಳು ಅಚ್ಚಾಗಿದೆ.

ನಾನು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಸಿಟ್ಟು ಹುಟ್ಟುಗುಣ, ಕೆಂಪು ಮಸಿ ಚಟ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತ ತಿದ್ದಿ, ಆಮೇಲೆ ಮದುವೆ ಯಾರದು ಅಂತ ನೋಡುತ್ತೇನೆ. ನನ್ನ ಗಂಡ ಇದ್ದಾಗ, 'ನಿನಗ ದೇವರ ಹತ್ತು ಆಜ್ಞಾ ಕೊಟ್ಟಿದ್ರ ಅದನ್ನೂ ತಿದ್ದಿ ವಾಪಸ್ ಕಳಸ್ತಿದ್ದಿ' ಅನ್ನುತ್ತಿದ್ದರು. ಇಂಥವಳ ಹೆಸರಿನಲ್ಲಿ ಸುಳ್ಳು ಅಚ್ಚಾದರೆ ಹೇಗಾಗಬೇಡ, ನೀವೇ ಹೇಳಿ.

ನಮ್ಮೂರು ಗುಡಗೇರಿಗೂ ಕುಂದಗೋಳಕ್ಕೂ ನಡುವೆ ಎಲ್ಲೋ ಇದೆ ಅಂದರೆ ಸಾಕು. ಎರೆಭೂಮಿ, ಬೇಸಿಗೆಯಲ್ಲಿ ನೆಲ ಬಿರಿದು ಗೋಡೆಗಳು ಅತ್ತಿತ್ತ ವಾಲುತ್ತವೆ. ನಮ್ಮ ಕಲ್ಲಿನ ದೇವಾಲಯವೂ ಬಡಗಣಕ್ಕೆ ತುಸು ವಾಲಿದೆ. ಊರವರು ಅದನ್ನು ಪಾದ್ರಿ ಗುಡಿ ಅನ್ನುತ್ತಾರೆ. ಭಾನುವಾರ ಅದರ ಗಂಟೆ ಕೇಳಿ ಸಾಬರ ಓಣಿಯಲ್ಲಿ ಮಗ್ಗ ನಿಲ್ಲಿಸಿ ಚಹಾ ಕುಡಿಯುವ ರೂಢಿ ನಾನು ಸಣ್ಣವಳಿದ್ದಾಗ ಇತ್ತು. ಸಭೆ ಅಂದರೆ ನಿಮ್ಮ ಭಾಷಣದ ಸಭೆಯಲ್ಲ, ಊರಿನ ಕ್ರೈಸ್ತ ಮನೆಗಳೆಲ್ಲ ಸೇರಿ ಒಂದು ಸಭೆ. ನಮ್ಮದು ಎರಡು ಮನೆಗಳಿಂದ ಶುರುವಾದದ್ದು. ಒಂದು ನೇಯುವವರದು, ಅದು ನಮ್ಮ ವಂಶ. ಇನ್ನೊಂದು ಮೆಟ್ಟು ಹೊಲಿಯುವವರದು, ಅದು ನನ್ನ ಜೊತೆ ಕಲಿತ ಪ್ರೇಮಾಳ ವಂಶ. ಎರಡೂ ಮನೆಯವರು ಒಂದೇ ಮುಂಜಾನೆ, ಒಂದೇ ಹಿತ್ತಾಳೆ ಬೋಗುಣಿಯ ನೀರಿನಿಂದ ಸ್ನಾನದೀಕ್ಷೆ ಪಡೆದರು. ಆದರೂ ನಾವು ಇರುವ ಜಾಗಕ್ಕೆ ಓಣಿ ಅಂತ ಹೆಸರು, ಅವರು ಇರುವ ಜಾಗಕ್ಕೆ ಇವತ್ತಿಗೂ ಕೇರಿ ಅಂತಲೇ ಹೆಸರು.

ಈಗ ನಿಮಗೊಂದು ಪ್ರಶ್ನೆ. ನೀವು ನೀರು ಹೇಗೆ ಕುಡಿಯುತ್ತೀರಿ? ನಮ್ಮ ಕಡೆ ತಂಬಿಗೆಯನ್ನು ತುಟಿಗೆ ಹಚ್ಚಿದರೆ ಹಿರಿಯರು ಬೆನ್ನಿಗೆ ಗುದ್ದುತ್ತಿದ್ದರು. ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆಯನ್ನು ಗೇಣು ಮೇಲೆ ಹಿಡಿದು, ಗಂಟಲಿಗೆ ನೇರ ಸುರಿದುಕೊಳ್ಳಬೇಕು. ಅದು ಎತ್ತಿ ಕುಡಿಯುವುದು. ಕಚ್ಚಿ ಕುಡಿದರೆ ಎಂಜಲಾಯಿತು. ಅಣ್ಣನ ಎಂಜಲು ತಮ್ಮನಿಗೆ ಆಗದು, ಹೆಂಡತಿಯ ಎಂಜಲು ಗಂಡನಿಗೆ ಆಗದು. ಇಂಥ ನಾಡಿಗೆ ದೂರ ದೇಶದ ಪಾದ್ರಿಯೊಬ್ಬ ಕುದುರೆ ಹತ್ತಿ ಬಂದು, ಚೀಲದಿಂದ ಬೆಳ್ಳಿಯ ಪಾತ್ರೆಯೊಂದನ್ನು ತೆಗೆದು, ಎಲ್ಲರೂ ಈ ಒಂದರಲ್ಲೇ ತುಟಿಯಿಟ್ಟು ಕುಡಿಯಬೇಕು ಅಂದ. ನಮ್ಮ ಹಿರಿಯರು ಹಳೆಯ ದೇವರನ್ನು ಬಿಟ್ಟರು, ಜುಟ್ಟು ಬಿಟ್ಟರು, ನಂಟರನ್ನು ಬಿಟ್ಟರು, ಊರ ಬಾವಿಯ ಹಕ್ಕನ್ನೂ ಬಿಟ್ಟರು. ಎಂಜಲಿನ ವಿಚಾರವೊಂದನ್ನು ಮಾತ್ರ ಬಿಡಲಿಲ್ಲ.

ಹಾಗಾದರೆ ಆ ಪಾತ್ರೆ ಅಷ್ಟು ವರ್ಷ ನಡೆದದ್ದು ಹೇಗೆ? ಬಹಳ ಸುಲಭ. ಸಾಲಿನಿಂದ. ಪೀಠದ ಮುಂದೆ ಮೊದಲು ಓಣಿಯ ಗಂಡಸರು ಹೋಗುತ್ತಿದ್ದರು, ಆಮೇಲೆ ಓಣಿಯ ಹೆಂಗಸರು. ಅವರೆಲ್ಲ ಕುಡಿದು ಬಂದ ಮೇಲೆ ಕೇರಿಯ ಗಂಡಸರು, ಕಟ್ಟಕಡೆಗೆ ಕೇರಿಯ ಹೆಂಗಸರು. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಎಂಜಲು ಅವರಿಗೆ ಆಗುತ್ತಿತ್ತು, ಅವರದು ನಮಗೆ ಬರುವ ಪ್ರಸಂಗವೇ ಇರಲಿಲ್ಲ. ಇಡೀ ಸಭೆ ಕಣ್ಣು ಮುಚ್ಚಿ, ನಾವೆಲ್ಲ ಒಂದು ಅಂತ ಹಾಡುತ್ತಿತ್ತು.

ಸಂಚಿಕೆ ಮಾಡಬೇಕು ಅಂತ ಕಮಿಟಿ ಆದಾಗ, ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಮಿಟಿಯ ಮುಖ್ಯಸ್ಥರು ಸ್ಯಾಮುವೆಲ್ ಕಾಕಾ, ನನ್ನ ತಂದೆಯ ಚಿಕ್ಕಪ್ಪನ ಮಗ, ಎಂಬತ್ತು ದಾಟಿದರೂ ಇಸ್ತ್ರಿ ಅಂಗಿ ತಪ್ಪಿಸದವರು. 'ನೀ ಕನ್ನಡದಾಕಿ, ನೀನ ಬರಿ ತಂಗಿ' ಅಂದರು. ನಾನು ಬೀಗಿದೆ. ಸುದ್ದಿ ಕೇಳಿ ಕುಂದಗೋಳದಿಂದ ಪ್ರೇಮಾ ಫೋನು ಮಾಡಿದಳು.

ಪ್ರೇಮಾ ನನ್ನ ಓರಗೆಯವಳು. ಒಂದೇ ವರ್ಷ ಹುಟ್ಟಿದವರು, ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಆದರೂ ನಾನು ಆಕೆಗೆ ನೀನು ಅನ್ನುತ್ತೇನೆ, ಆಕೆ ನನಗೆ ಶಾಲೆಯ ಮಕ್ಕಳ ಹಾಗೆ 'ಅಕ್ಕೋರ' ಅಂದು ಬಹುವಚನ ಹಚ್ಚುತ್ತಾಳೆ. ಅದು ನನ್ನ ನೌಕರಿಗೆ ಕೊಡುವ ಮರ್ಯಾದೆ ಅಂತ ನಾನು ತಿಳಿದಿದ್ದೆ. ಆಕೆಯೂ ನರ್ಸಾಗಿ ಪೂರ್ಣ ನೌಕರಿ ಮಾಡಿ ನಿವೃತ್ತಳಾದವಳು, ಆಕೆಯ ನೌಕರಿಗೆ ನಾನೇಕೆ ಬಹುವಚನ ಹಚ್ಚಲಿಲ್ಲ ಎಂಬುದು ಮಾತ್ರ ನನಗೆ ಎಂದೂ ಹೊಳೆದಿರಲಿಲ್ಲ.

'ಅಕ್ಕೋರ, ಇತಿಹಾಸ ನೀವ ಬರಿಯಾಕತ್ತೀರಂತ. ಎಲ್ಲಾ ಬರೀರಿ. ನಂದೊಂದ ಮಾತೈತಿ' ಅಂದಳು ಪ್ರೇಮಾ. 'ಒಂದ ಪಾತ್ರಿಯೊಳಗ ಕುಡಿಯೂದು ಯಾಕ ನಿಂತು ಅಂಬೂದು ಖರೇ ಖರೇ ಬರೀರಿ. ನಮ್ಮವ್ವ ಅದನ್ನ ಕೇಳಿಕೋತನ ಹೋದ್ಲು.'

'ಬರೀತೀನಿ, ಮಾತು ಕೊಟ್ಟೆ' ಅಂದೆ.

ಪ್ರೇಮಾಳ ಅವ್ವ ರೂತವ್ವನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಸಂಚಿಕೆಯಲ್ಲಿ ಒಂದು ಮಾತೂ ಇಲ್ಲವಲ್ಲ! ನಮ್ಮ ದೇವಾಲಯದ ಗಂಟೆಯ ಹಗ್ಗ ನಲವತ್ತು ವರ್ಷ ಆಕೆಯ ಕೈಯಲ್ಲಿತ್ತು. ಗಿಡ್ಡ ಹೆಂಗಸು, ಹಗ್ಗ ಎಳೆದಾಗ ಆಕೆಯೇ ಅರ್ಧ ಮೊಳ ಮೇಲೆ ಹೋಗಿ ಬರುತ್ತಿದ್ದಳು, ಮಕ್ಕಳಾದ ನಾವು ಅದನ್ನು ನೋಡಲೆಂದೇ ಬೇಗ ಬರುತ್ತಿದ್ದೆವು. ನೆಲ ಸಾರಿಸುವುದು, ಬೆಂಚು ಒರೆಸುವುದು, ಹಂಚಿನ ಸಂದಿಯ ಗುಬ್ಬಿಗೂಡು ತೆಗೆಯುವುದು ಎಲ್ಲ ಆಕೆಯೇ. ಓದಲು ಬರುತ್ತಿರಲಿಲ್ಲ, ಆದರೆ ಹಾಡಿನ ಪುಸ್ತಕದ ಯಾವ ಹಾಡು ಯಾವ ಪುಟದಲ್ಲಿದೆ ಎಂದು ಬಾಯಲ್ಲಿತ್ತು. ಆರಾಧನೆ ಮುಗಿದ ಮೇಲೆ ಆ ಬೆಳ್ಳಿ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತಿದ್ದವಳೂ ಆಕೆಯೇ. ಗಮನಿಸಿ, ತೊಳೆಯಲು ಆಕೆಯ ಕೈ ನಮಗೆ ಆಗುತ್ತಿತ್ತು. ನಮ್ಮ ಮನೆಯಲ್ಲಿ ರಸ ಕುದಿಯುವಾಗ ಮಾತ್ರ ಆಕೆ ಅಡುಗೆಮನೆಯ ಹೊಸ್ತಿಲ ಆಚೆ ನಿಲ್ಲುತ್ತಿದ್ದಳು. ರುಚಿ ನೋಡಲು ಅವ್ವ ಯಾರಿಗೂ ಬಿಡುತ್ತಿರಲಿಲ್ಲ, ತಾನೂ ನೋಡುತ್ತಿರಲಿಲ್ಲ. ಕರ್ತನಿಗಿಂತ ಮೊದಲು ಬಾಯಿಟ್ಟರೆ ಎಂಜಲಾಗುತ್ತದಂತೆ. ಈ ಕಟ್ಟಳೆಯನ್ನು ಅವ್ವ ಯಾವ ವೇದಪುಸ್ತಕದಲ್ಲಿ ಓದಿದ್ದಳೋ ಆ ಕರ್ತನಿಗೇ ಗೊತ್ತು.

ನಾನು ಬರೆದೆ. ಎರಡು ಮನೆಗಳ ಮಾತು, ಒಂದೇ ಬೋಗುಣಿ, ಸಾಲಿನ ಉಪಾಯ, ರೂತವ್ವನ ಗಂಟೆ, ಎಲ್ಲ ಬರೆದೆ. ಪಾತ್ರೆಯ ಬಗ್ಗೆ ಒಂದು ಇಡೀ ಪುಟ. 'ನಮ್ಮ ಸಭೆಯ ಕೆಲವರು ಜಾತಿಯ ಭಾವನೆಯನ್ನು ಬಿಡಲಾರದೆ ಒಂದೇ ಪಾತ್ರೆಯಲ್ಲಿ ಕುಡಿಯಲು ಹಿಂಜರಿದ ಕಾರಣ, ಚಿಕ್ಕ ಗಾಜಿನ ಲೋಟಗಳ ಪದ್ಧತಿ ಬಂದದ್ದು ನಾವು ತಲೆ ತಗ್ಗಿಸಬೇಕಾದ ಸಂಗತಿ' ಎಂದು ಬರೆದು, ಧೈರ್ಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊನ್ನೆ ಗಂಟು ಬಿಚ್ಚಿ ನೋಡಿದರೆ, ಆ ಇಡೀ ಪುಟದ ಜಾಗದಲ್ಲಿ ಒಂದು ಸಾಲು: 'ಸದಸ್ಯರ ಆರೋಗ್ಯದ ದೃಷ್ಟಿಯಿಂದ ಚಿಕ್ಕ ಲೋಟಗಳ ಪದ್ಧತಿ ಜಾರಿಗೆ ಬಂದಿತು.' ಉಳಿದ ಜಾಗದಲ್ಲಿ ಕುದುರೆಯ ಮೇಲೆ ಕೂತ ಪಾದ್ರಿಯ ಚಿತ್ರ. ಕುದುರೆ ಕಂದು ಬಣ್ಣದ್ದಾಗಿತ್ತೆಂದು ಅಡಿಬರಹ ಬೇರೆ. ರೂತವ್ವ ಎಲ್ಲಿಯೂ ಇಲ್ಲ.

ಸಂಚಿಕೆ ಹಿಡಿದು ಕಾಕಾನ ಮನೆಗೆ ನಡೆದೆ. ಚಪ್ಪಲಿ ಅದಲುಬದಲಾಗಿದ್ದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ನಮ್ಮ ಈಗಿನ ಪಾದ್ರಿಗಳೂ ಅಲ್ಲಿಯೇ ಇದ್ದರು. ಎಳೆಯ ವಯಸ್ಸು, ಒಳ್ಳೆಯ ಮನುಷ್ಯ. ಆ ಒಳ್ಳೆಯತನಕ್ಕೆ ಬೆನ್ನುಮೂಳೆ ಇನ್ನೂ ಬಂದಿಲ್ಲ.

'ಕಾಕಾ, ಕುದರಿ ಬಣ್ಣ ಬರದೀರಿ. ರೂತವ್ವನ ಹೆಸರೆಲ್ಲೈತಿ?'

'ಏ ತಂಗಿ, ಗಂಟಿ ಹೊಡಿಯಾಕಿ ಹೆಸರೆಲ್ಲಾ ಇತಿಹಾಸದಾಗ ಬರತಾವೇನು?'

'ಕುದರಿದು ಬರತೈತಿ?'

ಕಾಕಾ ಚಹಾದ ಬಸಿ ಕೆಳಗಿಟ್ಟರು. 'ನೋಡು, ಜುಬಿಲಿ ಅಂದ್ರ ಮದವಿ ಮನಿ ಇದ್ದಂಗ. ಮದವಿ ಮನ್ಯಾಗ ಯಾರರ ಹಳೇ ಜಗಳ ತಗೀತಾರ? ನಾಕ ಮಂದಿ ಹೊರಗಿನವ್ರು ಓದತಾರ. ನಮ್ಮ ಮರ್ಯಾದಿ ನಾವ ಕಳಕೋಬೇಕೇನು?'

'ಹಂಗಂತ ಸುಳ್ಳು ಬರೀಬೇಕೇನು? ಅದೂ ನನ್ನ ಹೆಸರಿಲೆ?'

ಪಾದ್ರಿಗಳು ನಡುವೆ ಬಂದರು. 'ಅಕ್ಕೋರ, ನೀವು ಹೇಳೂದು ಖರೇ ಐತ್ರಿ. ಆದ್ರ ಬಿಷಪ್ಪರು ಬರಾಕತ್ಯಾರ. ಮುಂದಿನ ಸಂಚಿಕಿಯೊಳಗ ನೋಡೂಣ್ರಿ.'

'ಮುಂದಿನ ಸಂಚಿಕಿ ಯಾವಾಗ್ರಿ, ಮುಂದಿನ ಜುಬಿಲಿಗೆ? ಅಷ್ಟೊತ್ತಿಗೆ ನಾ ಮಣ್ಣಾಗ ಇರತೀನಿ, ನೀವು ಬಿಷಪ್ಪರಾಗಿರತೀರಿ!'

ಅವರು ನಗಬೇಕೋ ಬೇಡವೋ ತಿಳಿಯದೆ ಕಾಕಾನ ಮುಖ ನೋಡಿದರು. ನಾನು ಸಿಟ್ಟಿನಲ್ಲಿ ಕುಂದಗೋಳದ ಬಸ್ಸು ಹತ್ತಿದೆ.

ಒಪ್ಪಿಬಿಡುತ್ತೇನೆ, ಆ ಬಸ್ಸಿನಲ್ಲಿ ಕೂತಾಗ ನನಗೆ ಒಳಗೊಳಗೇ ಖುಷಿಯೂ ಇತ್ತು. ಸಿಟ್ಟಿಗೆ ಒಬ್ಬರು ಜೊತೆ ಸಿಕ್ಕರೆ ಅದರ ರುಚಿಯೇ ಬೇರೆ. ಪ್ರೇಮಾ ಓದುತ್ತಾಳೆ, ಕೆಂಡವಾಗುತ್ತಾಳೆ, ಇಬ್ಬರೂ ಕೂಡಿ ಕಾಕಾನಿಗೆ ಬೈಯುತ್ತೇವೆ, ಆಮೇಲೆ ಆಕೆ 'ನೀವರ ಖರೇ ಬರದಿದ್ರಿ ಅಕ್ಕೋರ' ಅನ್ನುತ್ತಾಳೆ. ಆ ಕೊನೆಯ ಮಾತಿಗಾಗಿಯೇ ನಾನು ಹೋಗುತ್ತಿದ್ದೆ. ನನ್ನ ಚೀಲದಲ್ಲಿ ಅಚ್ಚಾದ ಸಂಚಿಕೆಯ ಜೊತೆ ನನ್ನ ಕೈಬರಹದ ಪ್ರತಿಯೂ ಇತ್ತು.

ಪ್ರೇಮಾ ಕನ್ನಡಕ ಹಾಕಿಕೊಂಡು ಮೊದಲು ಸಂಚಿಕೆ ಓದಿದಳು. ಮುಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕೈಬರಹ ಓದಿದಳು. ಒಂದು ಪದದ ಕೆಳಗೆ ಬೆರಳಿಟ್ಟಳು.

'ಈ ಕೆಲವರು ಅಂದ್ರ ಯಾರ್ರಿ?'

ನಾನು ಚೀಲದ ಬಾಯಿ ಕಟ್ಟತೊಡಗಿದೆ.

'ಕೆಲವರು ಹಿಂಜರಿದ ಕಾರಣ ಅಂತ ಬರದೀರಿ. ಎಷ್ಟ ಮಂದಿ ಕೆಲವರು? ನಾ ಅಲ್ಲೇ ಇದ್ದೆ ಅಕ್ಕೋರ, ನಿಮ್ಮ ಬಾಜೂಕನ ಇದ್ದೆ. ನಾ ಕಂಡದ್ದು ಒಬ್ರನ್ನ.'

ಈಗ ಹೇಳಲೇಬೇಕು. ನಮ್ಮಲ್ಲಿ ಹದಿನಾರು ತುಂಬಿದ ಮಕ್ಕಳಿಗೆ ದೃಢೀಕರಣ ಅಂತ ಒಂದು ದಿನ ಇರುತ್ತದೆ. ಅಂದಿನಿಂದ ನಾವು ಸಭೆಯ ಪೂರ್ಣ ಸದಸ್ಯರು, ಅಂದೇ ಮೊದಲ ಸಲ ಆ ಪಾತ್ರೆಯಲ್ಲಿ ಕುಡಿಯುವುದು. ಆ ವರ್ಷ ನಾವು ಏಳು ಜನ. ಹುಡುಗಿಯರಿಗೆ ಬಿಳಿ ಸೀರೆ, ಕೈಯಲ್ಲಿ ಹಾಡಿನ ಪುಸ್ತಕ, ಅದರ ಮೇಲೆ ಮಡಿಸಿದ ಹೊಸ ಕರವಸ್ತ್ರ. ಆಗಿನ ಹಿರಿಯ ಪಾದ್ರಿಗಳು ಬೇಕೆಂದೇ ಮಾಡಿದರೋ, ಬರೀ ಚೆಂದ ಕಾಣಲೆಂದೋ, ನಮ್ಮನ್ನು ಓಣಿ ಕೇರಿ ಎನ್ನದೆ ಎತ್ತರದ ಪ್ರಕಾರ ನಿಲ್ಲಿಸಿದರು. ಗಿಡ್ಡವರು ಮೊದಲು. ಪ್ರೇಮಾ ತನ್ನ ಅವ್ವನ ಹಾಗೆ ಗಿಡ್ಡ. ನಾನು ಆಕೆಯ ಪಕ್ಕದಲ್ಲಿ, ಆಕೆಯ ನಂತರ.

ಹಿಂದಿನ ದಿನ ತಾಲೀಮಿನಲ್ಲಿ ಇದನ್ನು ನೋಡಿದ ಅವ್ವ, ಮನೆಯಲ್ಲಿ ನನ್ನ ಕರವಸ್ತ್ರಕ್ಕೆ ಅಂಚು ಹೊಲಿಯುತ್ತ, ತಲೆ ಎತ್ತದೆ ಹೇಳಿದಳು: 'ಪಾತ್ರಿ ನಿನ್ನ ಕಡೆ ಬಂದಾಗ ಒಂದೀಟ ಒರಸಿಕೊಂಡ ಕುಡಿ. ಯಾರಿಗೂ ಗೊತ್ತಾಗೂದಿಲ್ಲ.'

ಪಾದ್ರಿಗಳು ಪ್ರತಿಯೊಬ್ಬರಾದ ಮೇಲೆ ತಾವೇ ಬಿಳಿ ಬಟ್ಟೆಯಿಂದ ಅಂಚು ಒರೆಸಿ, ಪಾತ್ರೆ ತುಸು ತಿರುಗಿಸಿ ಕೊಡುತ್ತಿದ್ದರು. ಪ್ರೇಮಾ ಕುಡಿದ ಮೇಲೂ ಒರೆಸಿದರು. ಪಾತ್ರೆ ನನ್ನ ತುಟಿಯ ಹತ್ತಿರ ಬಂತು. ನಾನು ಎಡಗೈಯಿಂದ ಅದನ್ನು ತಡೆದು, ಬಲಗೈಯಲ್ಲಿದ್ದ ಕರವಸ್ತ್ರದಿಂದ ಇನ್ನೊಮ್ಮೆ ಒರೆಸಿದೆ. ಒಂದೀಟಲ್ಲ. ನಾನು ಯಾವ ಕೆಲಸವನ್ನೂ ಅರೆಬರೆ ಮಾಡಿದವಳಲ್ಲ. ಇಡೀ ಅಂಚನ್ನು ಸುತ್ತ ಒರೆಸಿದೆ. ಆಮೇಲೆ ಕುಡಿದೆ. ಅವ್ವ ಹೇಳಿದಳು ಅಂತ ಮಾಡಿದೆ ಅಂದರೆ ಅದೂ ಅರ್ಧ ಸುಳ್ಳು. ನನಗೆ ನಿಜವಾಗಿಯೂ ಹೇಸಿಕೆಯಾಗಿತ್ತು. ಶಾಲೆಯಲ್ಲಿ ಆಕೆಯ ಪಾಟಿ ಒರೆಸುವ ಒದ್ದೆ ಅರಿವೆಯನ್ನೇ ಕೇಳಿ ಇಸಿದುಕೊಳ್ಳುತ್ತಿದ್ದ ನನಗೆ, ಆಕೆಯ ತುಟಿ ತಾಗಿದ ಬೆಳ್ಳಿಗೆ ಹೇಸಿಕೆ. ತಲೆ ಎತ್ತಿದಾಗ ಪಾದ್ರಿಗಳು ತಮ್ಮ ಕೈಯ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದರು. ಹಿಂದೆ ಗಂಟೆಯ ಹಗ್ಗದ ಹತ್ತಿರ ನಿಂತಿದ್ದ ರೂತವ್ವ ಎಲ್ಲವನ್ನೂ ನೋಡುತ್ತಿದ್ದಳು. ಇಡೀ ಸಭೆ ನೋಡುತ್ತಿತ್ತು.

ಮುಂದಿನ ತಿಂಗಳು ಬೆಳ್ಳಿ ಪಾತ್ರೆ ಕಪಾಟಿಗೆ ಹೋಯಿತು. ಬಡಗಿಯಿಂದ ಮಾಡಿಸಿದ ತೂತುಗಳ ಮರದ ತಟ್ಟೆಯಲ್ಲಿ ಬೆರಳುದ್ದದ ಗಾಜಿನ ಲೋಟಗಳು ಬಂದವು. ಹಿರಿಯ ಪಾದ್ರಿಗಳು ಪೀಠದಿಂದ ಆರೋಗ್ಯದ ದೃಷ್ಟಿಯಿಂದ ಹೀಗೆ ಮಾಡಿದ್ದೇವೆ ಅಂದರು. ನಮ್ಮ ಮನೆಯನ್ನು ಎಲ್ಲರೆದುರು ಬೈಯಲು ಅವರಿಗೆ ಮನಸ್ಸಾಗಲಿಲ್ಲ. ಬೈದರೆ ಓಣಿಯವರೆಲ್ಲ ಎದ್ದು ಹೋಗುತ್ತಾರೆಂಬ ಅಂಜಿಕೆಯೂ ಇದ್ದೀತು. ಆ ಲೋಟಗಳನ್ನು ತೊಳೆಯುವ ಕೆಲಸ ಯಾರಿಗೆ ಬಂತು ಅಂತ ಕೇಳಬೇಡಿ. ರೂತವ್ವನಿಗೇ. ಸಾಲದ್ದಕ್ಕೆ ಓಣಿಯವರ ಲೋಟಗಳು ಬೇರೆ ಇರಲಿ ಅಂತ ಅವ್ವ ಅವುಗಳ ತಳಕ್ಕೆ ಕೆಂಪು ಬಣ್ಣದ ಬೊಟ್ಟು ಇಟ್ಟಳು. ಆ ಬೊಟ್ಟುಗಳನ್ನು ಅಳಿಸದ ಹಾಗೆ ಮೆಲ್ಲಗೆ ತೊಳೆಯಬೇಕು ಅಂತ ರೂತವ್ವನಿಗೇ ಹೇಳಿದಳು!

ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿಟ್ಟುಕೊಂಡೇ 'ಕೆಲವರು' ಅಂತ ಬರೆದಿದ್ದೆ. ಗೊತ್ತಿಲ್ಲದ್ದನ್ನು ಪ್ರೇಮಾ ಆ ದಿನ ಹೇಳಿದಳು.

'ಆರೋಗ್ಯ ಅಂದ್ರಲ್ಲ, ಅದನ್ನ ಮಂದಿ ಹೆಂಗ ತಿಳಕೊಂಡ್ರು ಗೊತ್ತೈತೇನ್ರಿ? ನಾ ಕುಡದೆ, ನೀವು ಒರಸಿದ್ರಿ, ಪಾತ್ರಿ ನಿಂತು. ಅಂದ್ಮ್ಯಾಲ ರೋಗ ಯಾರಿಗೆ? ರೂತವ್ವನ ಮನ್ಯಾಗ ಕ್ಷಯ ಐತಿ ಅಂದ್ರು. ನನಗ ಅಣ್ಣಿಗೇರಿ ಕಡಿಂದ ಒಂದ ಸಂಬಂಧ ಬಂದಿತ್ತು. ಅವರು ಬಂದು ನಿಮ್ಮ ಓಣ್ಯಾಗ ವಿಚಾರಿಸಿದ್ರು. ಹೋದವ್ರು ತಿರುಗಿ ಬರಲಿಲ್ಲ. ಆಮ್ಯಾಲ ಬಂದವ್ರೂ ಹಂಗ ಹೋದ್ರು. ನಮ್ಮವ್ವ ನನ್ನ ಕರಕೊಂಡು ಹುಬ್ಬಳ್ಳಿ ದವಾಖಾನಿಗೆ ಹೋಗಿ ಎದಿ ಫೋಟೋ ತಗಸಿದ್ಲು. ಎದ್ಯಾಗ ಏನೂ ಇಲ್ಲ ಅಂತ ಬರಕೊಟ್ಟ ಚೀಟಿ ಸೆರಗಿಗೆ ಕಟಗೊಂಡು ತಿರಗ್ಯಾಳ್ರಿ, ಕೇಳಿದವ್ರಿಗೆಲ್ಲಾ ತೋರಸ್ಕೋತ. ಓದಾಕ ಬರತಿರಲಿಲ್ಲ ಆಕಿಗೆ. ಒಮ್ಮೊಮ್ಮೆ ತಲಿಕೆಳಗ ಹಿಡದು ತೋರಸ್ತಿದ್ಲು.'

ಪ್ರೇಮಾ ಮದುವೆಯಾಗಲಿಲ್ಲ ಎಂಬುದು ನನಗೆ ಗೊತ್ತಿತ್ತು. ನೌಕರಿಯ ಮೇಲಿನ ಪ್ರೀತಿ ಅಂದುಕೊಂಡಿದ್ದೆ. ಒಮ್ಮೆ ಅದನ್ನೇ ಹೊಗಳಿ ಒಂದು ಬೀಳ್ಕೊಡುಗೆ ಸಮಾರಂಭದಲ್ಲಿ ಭಾಷಣವನ್ನೂ ಮಾಡಿದ್ದೆ. ಅವಳು ಆಗ ಕೈಕಟ್ಟಿ ಕೂತು ಕೇಳಿದ್ದಳು.

'ಆರೋಗ್ಯದ ದೃಷ್ಟಿ ಅಂದ್ರ ಏನು ಅಂತ ನನಗ ಕಲಸಬ್ಯಾಡ್ರಿ ಅಂತ ನಿಮ್ಮ ಕಾಕಾಗ ಹೇಳ್ರಿ' ಅಂದಳು ಪ್ರೇಮಾ. 'ಹಾಸಿಗಿ ಹಿಡದವ್ರ ಬಾಯಿ ಒರಸಿದಾಕಿ ನಾ.'

ಅದರಲ್ಲಿ ನನ್ನ ಅವ್ವನ ಬಾಯಿಯೂ ಒಂದು. ಕೊನೆಯ ಮೂರು ವಾರ ತಾಲೂಕಿನ ದವಾಖಾನೆಯಲ್ಲಿ ಅವ್ವನಿಗೆ ಗಂಜಿ ಕುಡಿಸಿ, ತುಟಿ ಒರೆಸುತ್ತಿದ್ದದ್ದು ಪ್ರೇಮಾ. ಅವ್ವ ಒಂದು ದಿನವೂ ಬೇಡ ಅನ್ನಲಿಲ್ಲ. ನಾನು ಪಕ್ಕದಲ್ಲಿ ಕೂತು, ನೋಡು, ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಎಷ್ಟು ಅಗ್ಗದಲ್ಲಿ ಸರಿಹೋಗಿಬಿಡುತ್ತದೆ ನೋಡಿ ನಮ್ಮಂಥವರಿಗೆ.

ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿದ್ದ ಸಿಟ್ಟು ಹಾಗೆಯೇ ಇತ್ತು. ಬರುವಾಗ ಅದರ ಮುಖ ಮಾತ್ರ ನನ್ನ ಕಡೆ ತಿರುಗಿತ್ತು. ಕಾಕಾ ಒಂದು ಪುಟ ಕಿತ್ತು ಒಂದು ಸುಳ್ಳು ಇಟ್ಟರು. ನಾನು ಏನು ಮಾಡಿದ್ದೆ? ಒಂದು ಪುಟ ತುಂಬ ಖರೇ ಬರೆದು, ನನ್ನನ್ನು ಮಾತ್ರ ಅದರೊಳಗಿಂದ ಒರೆಸಿ ತೆಗೆದಿದ್ದೆ. ಒರೆಸುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

ಇದರಿಂದ ಕಾಕಾನ ಮೇಲಿನ ಸಿಟ್ಟು ಕಡಿಮೆಯಾಯಿತೆ? ಖಂಡಿತ ಇಲ್ಲ. ಆ ಒಂದು ಸಾಲು ನಾಳೆ ಇನ್ನೂರು ಮನೆಗೆ ಹೋಗುತ್ತದೆ. ಐವತ್ತು ವರ್ಷದ ಹಿಂದೆ ಬಾಯಿಂದ ಬಾಯಿಗೆ ಹೋದ ಕ್ಷಯ, ಈಗ ನುಣುಪು ಕಾಗದದ ಮೇಲೆ ಹೋಗುತ್ತದೆ. ತೀರಿಹೋದ ರೂತವ್ವ ಇನ್ನೊಮ್ಮೆ ಆ ಚೀಟಿ ಹಿಡಿದು ಮನೆಮನೆ ತಿರುಗಬೇಕೇ?

ಸಂಚಿಕೆ ಮತ್ತೆ ಅಚ್ಚು ಹಾಕಿಸಲು ನನ್ನ ಕೈಯಲ್ಲಿ ಆಗದು. ಆದರೆ ಪುಸ್ತಕದಲ್ಲಿ ತಪ್ಪು ಉಳಿದರೆ ತಿದ್ದುಪಡಿಯ ಚೀಟಿ ಇಡುವುದು ಎಲ್ಲ ಒಳ್ಳೆಯ ಛಾಪಖಾನೆಗಳ ಪದ್ಧತಿ. ನಿನ್ನೆ ಗುಡಗೇರಿಯ ಝೆರಾಕ್ಸ್ ಅಂಗಡಿಯಲ್ಲಿ ಕೂತು ಟೈಪು ಮಾಡಿಸಿದೆ. ಅಂಗಡಿಯ ಹುಡುಗಿ ನನ್ನ ಜೊತೆ ಶಾಲೆಯಲ್ಲಿ ಕಲಿಸುತ್ತಿದ್ದ ಮುಸ್ತಫಾ ಮಾಸ್ತರರ ಮೊಮ್ಮಗಳು. ಟೈಪು ಮಾಡುತ್ತ ಮಾಡುತ್ತ ನಿಂತು, 'ಇದನ್ನ ಹಿಂಗ ಹಾಕ್ಲೇನ್ರಿ ಅಕ್ಕೋರ?' ಅಂತ ನನ್ನ ಮುಖ ನೋಡಿದಳು. 'ಹಿಂಗ ಹಾಕು, ದಪ್ಪ ಅಕ್ಷರದಾಗ ಹಾಕು' ಅಂದೆ. ಚೀಟಿ ಹೀಗಿದೆ:

'ತಿದ್ದುಪಡಿ. ಪುಟ ಹತ್ತೊಂಬತ್ತರಲ್ಲಿ ಆರೋಗ್ಯದ ದೃಷ್ಟಿಯಿಂದ ಎಂದು ಅಚ್ಚಾಗಿರುವುದು ಸುಳ್ಳು. ರೂತವ್ವನವರ ಮನೆಯಲ್ಲಿ ಯಾರಿಗೂ ಯಾವ ರೋಗವೂ ಇರಲಿಲ್ಲ. ಅವರ ಮಗಳು ಪ್ರೇಮಾ ಕುಡಿದ ಪಾತ್ರೆಯನ್ನು, ಆಕೆಯ ಜಾತಿಯ ಕಾರಣಕ್ಕೆ, ಸಭೆಯ ಎದುರಿನಲ್ಲಿ ತನ್ನ ಕರವಸ್ತ್ರದಿಂದ ಒರೆಸಿ ಕುಡಿದವಳು ಈ ಇತಿಹಾಸವನ್ನು ಬರೆದ ನಾನು. ಒಂದೇ ಪಾತ್ರೆಯ ಪದ್ಧತಿ ನಿಂತದ್ದು ಅದರಿಂದ. ನಲವತ್ತು ವರ್ಷ ಈ ದೇವಾಲಯದ ಗಂಟೆ ಬಾರಿಸಿದವರು ರೂತವ್ವ.' ಕೆಳಗೆ ನನ್ನ ಸಹಿ.

ನಾಳೆ ಬಾಗಿಲಲ್ಲಿ ಪುಸ್ತಕ ಹಂಚುವ ಕೆಲಸವೂ ನನ್ನದೇ. ಅದನ್ನು ಬೇರೆಯವರಿಗೆ ಕೊಡಲು ಕಾಕಾನಿಗೆ ಮರೆತುಹೋಗಿದೆ.

ಮಧ್ಯಾಹ್ನದ ಬಸ್ಸಿಗೆ ಪ್ರೇಮಾ ಬಂದಳು. ನಾನು ಕರೆದಿರಲಿಲ್ಲ, ಚೀಟಿಯ ಒಂದು ಪ್ರತಿ ಫೋನಿನಲ್ಲಿ ಕಳಿಸಿದ್ದೆ ಅಷ್ಟೇ. ಬಂದವಳು ಮಂಚದ ಮೇಲೆ ಕೂತು ಗಂಟು ಬಿಚ್ಚಿದಳು. ನಾನು ಪುಟ ತೆರೆದು ಕೊಡುವುದು, ಆಕೆ ಚೀಟಿ ಇಟ್ಟು ಮುಚ್ಚುವುದು. ಪ್ರತಿ ಸಲವೂ ಚೀಟಿಯನ್ನು ಸರಿಯಾಗಿ ಕುದುರೆಯ ಮುಖದ ಮೇಲೆ ಇಡುತ್ತಿದ್ದಳು. ಮೂರು ಗಂಟು ಮುಗಿದಾಗ ಹೇಳಿದಳು:

'ಒಂದ ಹೇಳತೀನ್ರಿ. ಪ್ರೇಮಾ ಕ್ಷಮಾ ಮಾಡಿದ್ಲು ಅಂತ ಎಲ್ಲೂ ಬರೀಬ್ಯಾಡ್ರಿ ಮತ್ತ. ನಾ ಮಾಡಿಲ್ಲ.'

'ಬರಿಯೂದಿಲ್ಲ' ಅಂದೆ. ಇಲ್ಲಿಯೂ ಬರೆದಿಲ್ಲ, ನೀವೇ ಸಾಕ್ಷಿ.

ಒಲೆಯ ಮೇಲೆ ರಸ ಗಟ್ಟಿಯಾಗುತ್ತ ಕುದಿಯುವ ಸದ್ದು ಬದಲಾಯಿತು. ಅಡುಗೆಮನೆಗೆ ಓಡಿದೆ. ಸಕ್ಕರೆ ಎಷ್ಟು ಹಾಕಿದೆನೋ ಈ ಗಡಿಬಿಡಿಯಲ್ಲಿ ಮರೆತುಹೋಗಿತ್ತು. ಪ್ರೇಮಾ ಹೊಸ್ತಿಲ ಆಚೆ ಬಂದು ನಿಂತಳು. ಆಕೆಯ ಅವ್ವ ನಿಲ್ಲುತ್ತಿದ್ದ ಜಾಗ. 'ಒಳಗ ಬಾ' ಅಂದೆ. ಸ್ಟೀಲಿನ ಲೋಟದಲ್ಲಿ ಒಂದು ಸೌಟು ರಸ ಹಾಕಿ ಕೊಟ್ಟೆ. 'ರುಚಿ ನೋಡಿ ಹೇಳು.'

ಪ್ರೇಮಾ ಒಳಗೆ ಬಂದು ಲೋಟ ತೆಗೆದುಕೊಂಡಳು. ರೂಢಿಯಂತೆ ಎತ್ತಿ ಕುಡಿಯಲು ಕೈ ಮೇಲೆ ಹೋಯಿತು. ಅಲ್ಲಿಯೇ ಒಂದು ಗಳಿಗೆ ನಿಂತು, ನನ್ನನ್ನು ನೋಡಿದಳು. ಕೈ ಕೆಳಗಿಳಿಸಿ, ಲೋಟವನ್ನು ತುಟಿಗೆ ಹಚ್ಚಿ, ನಿಧಾನವಾಗಿ ಅರ್ಧ ಕುಡಿದಳು. ಉಳಿದರ್ಧವನ್ನು ನನ್ನ ಮುಂದೆ ಹಿಡಿದಳು.

ಲೋಟದ ಅಂಚಿನ ಮೇಲೆ ಒಂದು ಕಂದು ಗುರುತು ಇತ್ತು. ನನ್ನ ಸೆರಗು ಕೈಯ ಹತ್ತಿರವೇ ಇತ್ತು. ಆ ಗುರುತಿನ ಮೇಲೆಯೇ ಬಾಯಿಟ್ಟು ಕುಡಿದೆ.

'ಸಕ್ರಿ ಕಡಿಮಿ ಆಗೇತಿ' ಅಂದಳು ಪ್ರೇಮಾ. 'ಇನ್ನೊಂದ ಹಿಡಿ ಹಾಕು.'

ಹೌದು, ಕಡಿಮೆಯಾಗಿತ್ತು. ಇನ್ನೊಂದು ಹಿಡಿ ಹಾಕಿದೆ.